0.5 ದೊಡ್ಡದೋ, 0.125 ದೊಡ್ಡದೋ? ಮಕ್ಕಳಿಗೆ ದಶಮಾಂಶ ಹೋಲಿಸೋದು ಹೇಳಿಕೊಡುವ ಬಗೆ

ಐದನೇ ಅಥವಾ ಆರನೇ ತರಗತಿಯ ಮಗು ಮನೆಯಲ್ಲಿದ್ದರೆ ನೇರವಾಗಿ ಪಾಠ ಶುರು ಮಾಡಬೇಡಿ. ಮೊದಲು ಒಂದು ಚೀಟಿಯಲ್ಲಿ ಈ ನಾಲ್ಕು ಜೋಡಿ ಬರೆದು ಕೊಡಿ.

0.5 ಮತ್ತು 0.125
0.4 ಮತ್ತು 0.45
0.3 ಮತ್ತು 0.08
0 ಮತ್ತು 0.6

ಪ್ರತಿ ಜೋಡಿಯಲ್ಲೂ ದೊಡ್ಡದು ಯಾವುದೋ ಅದಕ್ಕೆ ಸುತ್ತು ಹಾಕಲಿ. ಸರಿ, ತಪ್ಪು ಏನೂ ಹೇಳಬೇಡಿ. ‘ಯಾಕೆ ಇದು ದೊಡ್ಡದು?’ ಅಂತ ಮಾತ್ರ ಕೇಳಿ, ಮಗು ಹೇಳೋದನ್ನು ಪೂರ್ತಿ ಕೇಳಿಸಿಕೊಳ್ಳಿ. ಇಲ್ಲಿ ಮಕ್ಕಳು ಬಾಯಿಗೆ ಬಂದದ್ದು ಹೇಳಿ ತಪ್ಪುವುದು ಕಡಿಮೆ. ಅವರ ತಲೆಯಲ್ಲಿ ಒಂದು ನಿಯಮ ಇರುತ್ತದೆ, ಆ ನಿಯಮ ತಪ್ಪಾಗಿರುತ್ತದೆ, ಆದರೆ ಅದನ್ನು ಅವರು ಬಹಳ ನಿಷ್ಠೆಯಿಂದ ಪಾಲಿಸುತ್ತಾರೆ. ಅದು ಯಾವ ನಿಯಮ ಅಂತ ತಿಳಿಯದೆ ಪುಟಗಟ್ಟಲೆ ಲೆಕ್ಕ ಮಾಡಿಸಿದರೂ ಪ್ರಯೋಜನ ಇಲ್ಲ.

ಮೊದಲ ಜೋಡಿಯಲ್ಲಿ 0.125ಕ್ಕೆ ಸುತ್ತು ಹಾಕಿದ ಮಗು ಬಿಂದುವಿನ ಆಚೆ ಇರೋದನ್ನು ನೂರಾ ಇಪ್ಪತ್ತೈದು ಅಂತ ಓದಿದೆ. ನೂರಾ ಇಪ್ಪತ್ತೈದರ ಮುಂದೆ ಐದು ಏನೂ ಅಲ್ಲ, ಅಲ್ವಾ? ಒಂದನೇ ತರಗತಿಯಿಂದ ನಾವೇ ಕಲಿಸಿದ್ದು: ಅಂಕಿ ಜಾಸ್ತಿ ಇದ್ದರೆ ಸಂಖ್ಯೆ ದೊಡ್ಡದು. ಪೂರ್ಣ ಸಂಖ್ಯೆಗಳಿಗೆ ಅದು ನಿಜ ಕೂಡ. ಇದೇ ಮಗು ಮೂರನೇ ಜೋಡಿಯಲ್ಲಿ 0.08 ದೊಡ್ಡದು ಅನ್ನುವ ಸಾಧ್ಯತೆ ಹೆಚ್ಚು, ಯಾಕೆಂದರೆ ಎಂಟು ಮೂರಕ್ಕಿಂತ ದೊಡ್ಡದು.

ಎರಡನೇ ಜೋಡಿಯಲ್ಲಿ 0.4 ದೊಡ್ಡದು ಅನ್ನುವ ಮಗುವಿನ ಕಥೆ ಬೇರೆ. ಅದು ಪಾಠ ಕೇಳಿದೆ. ದಶಾಂಶಕ್ಕಿಂತ (ಹತ್ತರಲ್ಲಿ ಒಂದು ಪಾಲು) ಶತಾಂಶ (ನೂರರಲ್ಲಿ ಒಂದು ಪಾಲು) ಚಿಕ್ಕದು ಅಂತ ಗೊತ್ತು. ಅದರಿಂದ, ಬಿಂದುವಿನ ಆಚೆ ಅಂಕಿ ಜಾಸ್ತಿ ಆದಷ್ಟೂ ಸಂಖ್ಯೆ ಚಿಕ್ಕದು ಅಂತ ತೀರ್ಮಾನ ಮಾಡಿಕೊಂಡಿದೆ. ಶತಾಂಶ ಚಿಕ್ಕದು ಅನ್ನೋದು ಸರಿ, ಆದರೆ 0.45ರಲ್ಲಿ ನಾಲ್ಕು ದಶಾಂಶ ಹಾಗೇ ಇದ್ದು ಅದರ ಮೇಲೆ ಐದು ಶತಾಂಶ ಸೇರಿದೆ ಅನ್ನೋದು ಹೊಳೆದಿಲ್ಲ.

ಈಗ ಒಂದು ಮುಖ್ಯವಾದ ವಿಷಯ ಗಮನಿಸಿ. ಮೊದಲ ಮಗು ಎರಡನೇ ಜೋಡಿಯನ್ನು ಸರಿಯಾಗಿ ಮಾಡುತ್ತದೆ. ಎರಡನೇ ಮಗು ಮೊದಲ ಮತ್ತು ಮೂರನೇ ಜೋಡಿಯನ್ನು ಸರಿಯಾಗಿ ಮಾಡುತ್ತದೆ. ಅಂದರೆ ಒಂದೇ ಬಗೆಯ ಲೆಕ್ಕ ಕೊಟ್ಟು ಪರೀಕ್ಷೆ ಮಾಡಿದರೆ ಇಬ್ಬರಲ್ಲಿ ಒಬ್ಬರಿಗೆ ಪೂರ್ತಿ ಅಂಕ ಬರುತ್ತದೆ, ತಪ್ಪು ನಿಯಮ ಒಳಗೆ ಭದ್ರವಾಗಿ ಕೂತಿರುತ್ತದೆ. 3.6 ಮತ್ತು 3.8, 5.24 ಮತ್ತು 5.27 ಅನ್ನೋ ಥರದ ಲೆಕ್ಕಗಳಲ್ಲಂತೂ ಇಬ್ಬರೂ ಪಾಸು. ಬಿಂದುವಿನ ಆಚೆ ಅಂಕಿಗಳು ಸಮ ಇದ್ದರೆ ಯಾವ ತಪ್ಪೂ ಹೊರಗೆ ಬರಲ್ಲ. ಹಾಗಾಗಿ ನೀವು ಬರೆದುಕೊಡುವ ಜೋಡಿಗಳಲ್ಲಿ ಉದ್ದ ಬೇರೆ ಬೇರೆ ಇರಲಿ, ಕೆಲವು ಕಡೆ ಉದ್ದದ್ದು ದೊಡ್ಡದಾಗಿರಲಿ, ಕೆಲವು ಕಡೆ ಗಿಡ್ಡದ್ದು ದೊಡ್ಡದಾಗಿರಲಿ.

ನಾಲ್ಕನೇ ಜೋಡಿ ಸುಲಭ ಅನ್ನಿಸಬಹುದು. ಆದರೂ 0.6ಕ್ಕಿಂತ ಸೊನ್ನೆ ದೊಡ್ಡದು ಅನ್ನುವ ಮಕ್ಕಳಿದ್ದಾರೆ. ‘ಪಾಯಿಂಟ್ ಇದ್ದರೆ ತುಂಬ ಚಿಕ್ಕದು’ ಅನ್ನೋದು ಅವರ ಲೆಕ್ಕಾಚಾರ. ಅಂಥ ಮಗುವಿಗೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತೋರಿಸಿ, 0.5 ಲೀಟರ್ ಅಂದರೆ ಇದೇ ಅಂತ ಹೇಳಿ. ಪ್ಯಾಕೆಟ್ ಇರೋದು ಹೆಚ್ಚೋ, ಏನೂ ಇಲ್ಲದಿರೋದು ಹೆಚ್ಚೋ ಅಂತ ಕೇಳಿದರೆ ಸಾಕು.

ಕಲಿಸುವಾಗ ಮೊದಲು ತಿದ್ದಬೇಕಾದದ್ದು ಓದುವ ರೀತಿ. 0.125 ಅನ್ನು ‘ಸೊನ್ನೆ ಪಾಯಿಂಟ್ ನೂರಾ ಇಪ್ಪತ್ತೈದು’ ಅಂತ ಓದಲು ಬಿಡಬೇಡಿ. ‘ಸೊನ್ನೆ ಪಾಯಿಂಟ್ ಒಂದು ಎರಡು ಐದು.’ ಒಂದೊಂದು ಅಂಕಿಯಾಗಿ. ದೊಡ್ಡವರೂ ಹೀಗೇ ಓದಬೇಕು, ಪೆಟ್ರೋಲ್ ದರ ಓದುವಾಗಲೂ, ಮಗುವಿಗೆ ಜ್ವರ ಬಂದು ಥರ್ಮಾಮೀಟರ್ ನೋಡುವಾಗಲೂ. ದುಡ್ಡಿನ ಉದಾಹರಣೆ ಈ ಹಂತದಲ್ಲಿ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. 12.50 ರೂಪಾಯಿಯನ್ನು ನಾವು ಹನ್ನೆರಡು ರೂಪಾಯಿ, ಐವತ್ತು ಪೈಸೆ ಅಂತ ಎರಡು ಬೇರೆ ಸಂಖ್ಯೆಗಳಾಗಿ ಓದುತ್ತೇವೆ, ಮಗು ಕೂಡ ಬಿಂದುವನ್ನು ಎರಡು ಸಂಖ್ಯೆಗಳ ನಡುವಿನ ಗೋಡೆ ಅಂತ ತಿಳಿದುಕೊಳ್ಳುತ್ತದೆ. ದುಡ್ಡಿನಲ್ಲಿ ಬಿಂದುವಿನ ಆಚೆ ಯಾವಾಗಲೂ ಎರಡೇ ಅಂಕಿ ಇರೋದರಿಂದ ತಪ್ಪು ಹೊರಗೆ ಬರೋದೂ ಇಲ್ಲ.

ಇನ್ನೊಂದು ಗೊಂದಲ ಕ್ರಿಕೆಟ್‌ನಿಂದ ಬರುತ್ತದೆ. ಸ್ಕೋರ್ ಬೋರ್ಡಿನಲ್ಲಿ 4.3 ಓವರ್ ಅಂದರೆ ನಾಲ್ಕು ಓವರ್ ಮತ್ತು ಮೂರು ಎಸೆತ, ಅಂದರೆ ಸರಿಯಾಗಿ ನಾಲ್ಕೂವರೆ ಓವರ್. 4.5 ಆದ ಮೇಲೆ ಇನ್ನೊಂದು ಸರಿಯಾದ ಎಸೆತ ಬಿದ್ದರೆ ನೇರ 5. ಅಲ್ಲಿ 4.7 ಅನ್ನೋದೇ ಇಲ್ಲ. ಅದು ದಶಮಾಂಶ ಅಲ್ಲ, ಹಾಗೆ ಕಾಣುತ್ತದೆ ಅಷ್ಟೇ. ಪಠ್ಯಪುಸ್ತಕದಲ್ಲೂ ಅಭ್ಯಾಸ 1.9 ಆದ ಮೇಲೆ ಅಭ್ಯಾಸ 1.10 ಬರಬಹುದು, ಆದರೆ ಸಂಖ್ಯೆಯಾಗಿ ನೋಡಿದರೆ 1.10 ಚಿಕ್ಕದು, 1.9 ದೊಡ್ಡದು. ಇದನ್ನು ಮುಚ್ಚಿಡದೆ ಮಗುವಿನ ಮುಂದೆಯೇ ಇಟ್ಟು ಮಾತಾಡಿ. ‘ಇಲ್ಲಿ ಬಿಂದು ಏನು ಕೆಲಸ ಮಾಡ್ತಿದೆ?’ ಅಂತ ಕೇಳಿದರೆ ಮಕ್ಕಳು ಖುಷಿಯಿಂದ ಯೋಚಿಸುತ್ತಾರೆ.

ಈಗ ಕೈಯಲ್ಲಿ ಮಾಡುವ ಕೆಲಸ. ಚೌಕಳಿ ಹಾಳೆಯ ಮೇಲೆ ಅಡ್ಡ ಹತ್ತು ಮನೆ, ಉದ್ದ ಹತ್ತು ಮನೆ ಬರುವ ಹಾಗೆ ಒಂದು ದೊಡ್ಡ ಚೌಕ ಗೆರೆ ಹೊಡೆಯಿರಿ. ಈ ಇಡೀ ಚೌಕವೇ 1. ಒಂದು ಪಟ್ಟಿ ಅಂದರೆ ಹತ್ತರಲ್ಲಿ ಒಂದು ಪಾಲು, ಅದು ದಶಾಂಶ, 0.1. ಒಂದು ಪುಟ್ಟ ಮನೆ ನೂರರಲ್ಲಿ ಒಂದು ಪಾಲು, ಅದು ಶತಾಂಶ, 0.01. ಮಗು 0.3 ಅನ್ನು ಬಣ್ಣ ಹಚ್ಚಲಿ: ಮೂರು ಪಟ್ಟಿ. ಪಕ್ಕದಲ್ಲಿ ಇನ್ನೊಂದು ಚೌಕ ಮಾಡಿ 0.08 ಹಚ್ಚಲಿ: ಎಂಟು ಮನೆ, ಒಂದು ಪಟ್ಟಿಯೂ ತುಂಬಲಿಲ್ಲ. ಇದನ್ನು ನೋಡಿದ ಮೇಲೆ ಎಂಟು ದೊಡ್ಡದು ಅನ್ನುವ ವಾದ ತಾನಾಗಿಯೇ ಬೀಳುತ್ತದೆ, ನೀವು ಬಾಯಿ ಬಿಡಬೇಕಾಗಿಲ್ಲ. 0.4 ಮತ್ತು 0.45ನ್ನೂ ಹೀಗೇ ಮಾಡಿ. ಎರಡರಲ್ಲೂ ನಾಲ್ಕು ಪಟ್ಟಿ ಇರುತ್ತದೆ, ಒಂದರಲ್ಲಿ ಮೇಲೆ ಐದು ಮನೆ ಜಾಸ್ತಿ. ಸಹಸ್ರಾಂಶ, ಅಂದರೆ ಸಾವಿರದಲ್ಲಿ ಒಂದು ಪಾಲು, ಬೇಕಾದರೆ ಒಂದು ಪುಟ್ಟ ಮನೆಯನ್ನು ಮತ್ತೆ ಹತ್ತು ಗೀರು ಮಾಡಬೇಕು ಅಂತ ತೋರಿಸಿ. 0.125 ಅಂದರೆ ಒಂದು ಪಟ್ಟಿ, ಎರಡು ಮನೆ, ಐದು ಗೀರು. ಐದು ಪಟ್ಟಿ ತುಂಬಿದ 0.5ರ ಪಕ್ಕ ಅದು ಎಷ್ಟು ಚಿಕ್ಕದು ಅಂತ ಕಣ್ಣಿಗೇ ಕಾಣುತ್ತದೆ.

ಇದು ಚೆನ್ನಾಗಿ ಕೂತ ಮೇಲೆ ಮಾತ್ರ ಬರವಣಿಗೆಯ ವಿಧಾನಕ್ಕೆ ಬನ್ನಿ. ಬಿಂದುವಿನ ಕೆಳಗೆ ಬಿಂದು ಬರಬೇಕು. ಬಲಗಡೆಯ ಅಂಚು ಸಮ ಮಾಡುವ ಅಭ್ಯಾಸ ಮಕ್ಕಳಿಗೆ ಕೂಡಿಸುವ ಲೆಕ್ಕದಿಂದ ಬಂದಿರುತ್ತದೆ, ಇಲ್ಲಿ ಅದನ್ನು ಬಿಡಿಸಬೇಕು. ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಸ್ಥಾನ ನೋಡುತ್ತ ಬರೋದು. ಮೊದಲು ಪೂರ್ಣ ಭಾಗ, ಆಮೇಲೆ ದಶಾಂಶ, ಆಮೇಲೆ ಶತಾಂಶ. ಎಲ್ಲಿ ಮೊದಲ ಸಲ ಅಂಕಿ ಬೇರೆ ಆಗುತ್ತದೋ ಅಲ್ಲೇ ತೀರ್ಮಾನ. ಅದರಾಚೆ ಎಷ್ಟು ಅಂಕಿ ಇದ್ದರೂ ನೋಡಬೇಕಾಗಿಲ್ಲ.

ಯಾಕೆ ನೋಡಬೇಕಾಗಿಲ್ಲ? ಇದನ್ನು ಹಾಗೇ ದಾಟಿ ಹೋಗಬೇಡಿ, ಇಡೀ ಪಾಠದಲ್ಲಿ ಅತಿ ಚೆಂದದ ಜಾಗ ಇದೇ. 0.3 ಮತ್ತು 0.2999 ತೆಗೆದುಕೊಳ್ಳಿ. ದಶಾಂಶದಲ್ಲೇ 3 ಗೆದ್ದಿತು. ಆದರೆ ಆ ಕಡೆ ಮೂರು ಒಂಬತ್ತು ಇವೆಯಲ್ಲ, ಅವೆಲ್ಲ ಸೇರಿ ಮುಂದೆ ಹೋಗಬಹುದಲ್ವಾ ಅಂತ ಮಗು ಕೇಳಬೇಕು, ಕೇಳದಿದ್ದರೆ ನೀವೇ ಕೇಳಿ. ಚೌಕದ ಹತ್ತಿರ ಹೋಗಿ. ಎರಡು ಪಟ್ಟಿ ತುಂಬಿದೆ. ಮೂರನೇ ಪಟ್ಟಿಯಲ್ಲಿ ಒಂಬತ್ತು ಮನೆ ತುಂಬಿತು, ಒಂದು ಉಳಿಯಿತು. ಆ ಉಳಿದ ಮನೆಯ ಹತ್ತು ಗೀರುಗಳಲ್ಲಿ ಒಂಬತ್ತು ತುಂಬಿತು, ಒಂದು ಉಳಿಯಿತು. ಆ ಗೀರನ್ನೂ ಹತ್ತು ಮಾಡಿ ಒಂಬತ್ತು ತುಂಬಿದರೂ ಚೂರು ಉಳಿದೇ ಉಳಿಯಿತು. ಒಂಬತ್ತಕ್ಕಿಂತ ದೊಡ್ಡ ಅಂಕಿ ಇಲ್ಲ, ಹಾಗಾಗಿ ಅಲ್ಲಿಗೆ ನಿಲ್ಲುವ ಸಂಖ್ಯೆ ಯಾವುದೇ ಆಗಿರಲಿ, ಮೂರನೇ ಪಟ್ಟಿ ಪೂರ್ತಿ ತುಂಬುವುದಿಲ್ಲ. ಇದು ಅರ್ಥವಾದ ಮಗು ನಿಯಮವನ್ನು ಮರೆತರೂ ಮತ್ತೆ ತಾನೇ ಕಟ್ಟಿಕೊಳ್ಳಬಲ್ಲದು.

ಸೊನ್ನೆ ಸೇರಿಸುವ ಉಪಾಯ ನಿಮಗೆ ಗೊತ್ತಿರುತ್ತದೆ. 0.5 ಅನ್ನು 0.500 ಮಾಡಿ, 0.125ರ ಜೊತೆ ಹೋಲಿಸೋದು. ಉತ್ತರ ಸರಿ ಬರುತ್ತದೆ. ಆದರೆ ಇದನ್ನೇ ಮೊದಲು ಕಲಿಸಿದರೆ ಮಗು ಬಿಂದುವನ್ನು ಮರೆತು 500, 125 ಅಂತ ಪೂರ್ಣ ಸಂಖ್ಯೆಗಳನ್ನು ಹೋಲಿಸುತ್ತದೆ, ದಶಮಾಂಶದ ಬಗ್ಗೆ ಏನೂ ಕಲಿಯದೆಯೇ ಅಂಕ ತೆಗೆದುಕೊಳ್ಳುತ್ತದೆ. ಸೊನ್ನೆ ಎಲ್ಲಿ ಹಾಕಬೇಕು ಅನ್ನೋದೂ ಆಮೇಲೆ ಮರೆತು 0.5 ಅನ್ನು 0.05 ಮಾಡಿಬಿಡುತ್ತದೆ. ಅದಕ್ಕೇ ಈ ಉಪಾಯ ಕೊನೆಗೆ ಬರಲಿ. ಚೌಕದಲ್ಲಿ ಐದು ಪಟ್ಟಿಯನ್ನು ಐವತ್ತು ಮನೆ ಅಂತ ಎಣಿಸಿದಾಗ 0.5 ಮತ್ತು 0.50 ಒಂದೇ ಅಂತ ಮಗುವಿಗೆ ಗೊತ್ತಾಗುತ್ತದೆ. ಆಮೇಲೆ ಸೊನ್ನೆ ಸೇರಿಸಿಕೊಳ್ಳಲಿ, ತೊಂದರೆ ಇಲ್ಲ.

ಕ್ರಮವಾಗಿ ಜೋಡಿಸುವ ಲೆಕ್ಕಕ್ಕೆ ಚೀಟಿಗಳೇ ಒಳ್ಳೆಯದು, ಪುಸ್ತಕದಲ್ಲಿ ಬರೆದು ಹೊಡೆದುಹಾಕುವ ರಗಳೆ ಇರಲ್ಲ. 2.3, 2.09, 2.305, 0.98, 2.35 ಅಂತ ಐದು ಚೀಟಿ ಮಾಡಿ, ಏರಿಕೆ ಕ್ರಮದಲ್ಲಿ ಇಡಲು ಹೇಳಿ. ಒಂದೇ ಏಟಿಗೆ ಐದನ್ನೂ ನೋಡಬಾರದು. ಪೂರ್ಣ ಭಾಗ ನೋಡಿ ಗುಂಪು ಮಾಡಿದರೆ 0.98 ಒಂಟಿಯಾಗಿ ಮೊದಲು ಬರುತ್ತದೆ. ಉಳಿದ ನಾಲ್ಕರಲ್ಲಿ ದಶಾಂಶ ನೋಡಿದರೆ 2.09ರಲ್ಲಿ ಸೊನ್ನೆ ಇದೆ, ಅದು ಎರಡನೆಯದು. ಮಿಕ್ಕ ಮೂರರಲ್ಲೂ ದಶಾಂಶ 3. ಶತಾಂಶ ನೋಡಿ: 2.3ರಲ್ಲಿ ಏನೂ ಬರೆದಿಲ್ಲ, ಅಂದರೆ ಸೊನ್ನೆ. 2.305ರಲ್ಲೂ ಸೊನ್ನೆ. 2.35ರಲ್ಲಿ ಐದು, ಹಾಗಾಗಿ ಅದು ಕೊನೆಗೆ. ಇನ್ನು ಸಹಸ್ರಾಂಶ ನೋಡಿದರೆ ಮುಗಿಯಿತು. 0.98, 2.09, 2.3, 2.305, 2.35. ಇಳಿಕೆ ಕ್ರಮ ಬೇಕಿದ್ದರೆ ಚೀಟಿಗಳನ್ನು ಹಿಂದುಮುಂದು ಮಾಡಿದರಾಯಿತು, ಅದಕ್ಕೆ ಬೇರೆ ಪಾಠ ಬೇಡ.

ಅಭ್ಯಾಸಕ್ಕೆ ಕ್ರೀಡೆಯ ಲೆಕ್ಕಗಳಷ್ಟು ಒಳ್ಳೆಯವು ಇನ್ನೊಂದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 2021ರಲ್ಲಿ ನೀರಜ್ ಚೋಪ್ರಾ ಈಟಿ ಎಸೆದದ್ದು 87.58 ಮೀಟರ್, ಎರಡನೇ ಸ್ಥಾನದ ಯಾಕುಬ್ ವಾಡ್ಲೆಚ್ 86.67. ಬಿಂದುವಿನ ಆಚೆ ಮಾತ್ರ ನೋಡುವ ಮಗು ಇಲ್ಲಿ ಸಿಕ್ಕಿಬೀಳುತ್ತದೆ, ಯಾಕೆಂದರೆ 67 ದೊಡ್ಡದಾಗಿ ಕಾಣುತ್ತದೆ. 2024ರ ಪ್ಯಾರಿಸ್‌ನಲ್ಲೂ ಹಾಗೇ: ನೀರಜ್ 89.45, ಮೂರನೇ ಸ್ಥಾನದ ಆಂಡರ್ಸನ್ ಪೀಟರ್ಸ್ 88.54. ಚಿನ್ನ ಗೆದ್ದ ಅರ್ಷದ್ ನದೀಮ್ 92.97.

ಓಟಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಕಡಿಮೆ ಸಮಯದವರೇ ಮುಂದೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಮಹಿಳೆಯರ 400 ಮೀಟರ್ ಹರ್ಡಲ್ಸ್ ಫೈನಲ್‌ನ ಮೊದಲ ನಾಲ್ಕು ಸಮಯಗಳನ್ನು ಚೀಟಿಯಲ್ಲಿ ಬರೆದು ಕಲಸಿ ಕೊಡಿ: 55.42, 54.61, 55.41, 55.20 ಸೆಕೆಂಡ್. ಏರಿಕೆ ಕ್ರಮದಲ್ಲಿ ಇಟ್ಟರೆ ಚಿನ್ನ, ಬೆಳ್ಳಿ, ಕಂಚು ಸಿಗುತ್ತದೆ, ಕೊನೆಗೆ ಉಳಿಯುವ ಚೀಟಿ ಪಿ.ಟಿ. ಉಷಾ ಅವರದು. 55.41 ಮತ್ತು 55.42. ಒಂದು ಶತಾಂಶ ಸೆಕೆಂಡಿನಲ್ಲಿ ಪದಕ ಕೈತಪ್ಪಿತು. ಶತಾಂಶ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ.

ಶತಾಂಶವೂ ಸಮ ಆದರೆ? ಪ್ಯಾರಿಸ್‌ನ ಪುರುಷರ 100 ಮೀಟರ್ ಫೈನಲ್‌ನಲ್ಲಿ ನೋವಾ ಲೈಲ್ಸ್ ಮತ್ತು ಕಿಶೇನ್ ಥಾಂಪ್ಸನ್ ಇಬ್ಬರದೂ 9.79 (ಓಟದ ಸಮಯವನ್ನು ಮುಂದಿನ ಶತಾಂಶಕ್ಕೆ ಏರಿಸಿ ಬರೆಯುತ್ತಾರೆ). ಆಗ ಇನ್ನೊಂದು ಸ್ಥಾನ ಮುಂದೆ ಹೋಗಿ ನೋಡಿದರು. 9.784 ಮತ್ತು 9.789. ಚಿನ್ನ ಲೈಲ್ಸ್‌ಗೆ. ಎಡದಿಂದ ಬಲಕ್ಕೆ ನೋಡುತ್ತ ಹೋಗಿ, ಬೇರೆ ಆದ ಕಡೆ ನಿಲ್ಲು ಅಂತ ನಾವು ಮಗುವಿಗೆ ಹೇಳಿದ್ದನ್ನೇ ಅಲ್ಲಿನ ತೀರ್ಪುಗಾರರೂ ಮಾಡಿದ್ದು.

ಆಟ ಬೇಕು ಅಂದರೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚೀಟಿ ಮಾಡಿ ಡಬ್ಬಿಗೆ ಹಾಕಿ. ಇಬ್ಬರೂ ಹಾಳೆಯ ಮೇಲೆ ಒಂದು ಖಾಲಿ ಮನೆ, ಬಿಂದು, ಆಮೇಲೆ ಮೂರು ಖಾಲಿ ಮನೆ ಬರೆದುಕೊಳ್ಳಿ. ಸರದಿ ಪ್ರಕಾರ ಚೀಟಿ ಎತ್ತೋದು, ಬಂದ ಅಂಕಿಯನ್ನು ಕೂಡಲೇ ಯಾವುದಾದರೂ ಮನೆಗೆ ತುಂಬೋದು, ಆಮೇಲೆ ಬದಲಾಯಿಸೋ ಹಾಗಿಲ್ಲ. ದೊಡ್ಡ ಸಂಖ್ಯೆ ಮಾಡಿದವರು ಗೆದ್ದರು. ಏಳು ಬಂದರೆ ಎಡಕ್ಕೆ ಹಾಕಲೋ, ಒಂಬತ್ತಕ್ಕೆ ಕಾಯಲೋ ಅಂತ ಮಗು ತಲೆ ಕೆರೆದುಕೊಳ್ಳೋದನ್ನು ನೋಡಿ, ಸ್ಥಾನಬೆಲೆ ಒಳಗೆ ಇಳಿಯುವುದು ಅಲ್ಲೇ.

ಒಂದು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಈ ಸಲ ಬೇರೆ ಸಂಖ್ಯೆಗಳು: 3.07, 3.7, 3.069, 0.377, 3.70. ಏರಿಕೆ ಕ್ರಮದಲ್ಲಿ ಇಡಲಿ. ಉತ್ತರ 0.377, 3.069, 3.07, ಆಮೇಲೆ 3.7 ಮತ್ತು 3.70 ಜೊತೆಯಲ್ಲಿ, ಯಾಕೆಂದರೆ ಎರಡೂ ಸಮ. 3.069 ಅನ್ನು 3.07ರ ಆಚೆ ಇಟ್ಟರೆ ‘ಉದ್ದ ಇದ್ದರೆ ದೊಡ್ಡದು’ ಅನ್ನೋದು ಇನ್ನೂ ಹೋಗಿಲ್ಲ, ಚೌಕಕ್ಕೆ ವಾಪಸ್ ಹೋಗಿ. ಕೊನೆಯ ಎರಡು ಚೀಟಿಗಳನ್ನು ಮಗು ಒಂದರ ಮೇಲೊಂದು ಇಟ್ಟರೆ ಮುಂದಿನ ಪಾಠಕ್ಕೆ ಹೋಗಬಹುದು.