ಹೊಲಿಗೆ ಹಾಕಿದ ಗಾಯಕ್ಕೆ ಮನೆ ಆರೈಕೆ

ತೊಗರಿ ಕೊಯ್ಲು ಶುರುವಾಗಿದೆ. ನಮ್ಮ ಕಲಬುರಗಿ ಕಡೆ ಕುಡುಗೋಲು ತಾಗಿ ಹೊಲಿಗೆ ಹಾಕಿಸಿಕೊಂಡು ಬರುವವರು ಈಗ ಜಾಸ್ತಿ, ಅದಕ್ಕೇ ಇದು.

ಮೊದಲ 24ರಿಂದ 48 ಗಂಟೆ ಪಟ್ಟಿ ಒದ್ದೆಯಾಗಬಾರದು. ಆಮೇಲೆ ಡಾಕ್ಟರ್ ಬೇಡ ಅಂದಿಲ್ಲವಾದರೆ, ಕೈ ತೊಳೆದುಕೊಂಡು, ಸಾದಾ ಸೋಪು ಮತ್ತು ಕುಡಿಯುವ ನೀರಿನಲ್ಲಿ ಗಾಯವನ್ನು ಮೆಲ್ಲಗೆ ತೊಳೆಯಿರಿ. ಒರೆಸುವಾಗ ಉಜ್ಜಬೇಡಿ. ಟವೆಲಿನ ಎಳೆಗೆ ದಾರದ ತುದಿ ಸಿಕ್ಕಿ ಜಗ್ಗುತ್ತದೆ. ತೆಳುವಾದ ಒಗೆದ ಬಟ್ಟೆ ಇಟ್ಟು ಒತ್ತಿ ತೆಗೆದರೆ ಸಾಕು. ಬಾವಿಯಲ್ಲಿ ಈಜುವುದು ಸದ್ಯಕ್ಕೆ ಬೇಡ.

ಅರಿಶಿಣ, ಕಾಫಿಪುಡಿ, ಸುಣ್ಣ ಏನೂ ಮೆತ್ತಬೇಡಿ. ದಿನಾ ಸ್ಪಿರಿಟ್ ಸುರಿದರೂ ಹೊಸದಾಗಿ ಬರುವ ಚರ್ಮಕ್ಕೇ ಪೆಟ್ಟು.

"ಬ್ಯಾಳಿ ತಿಂದ್ರ ಕೀವು ಆಗ್ತದ" ಅಂತ ಹಿರಿಯರು ಹೇಳುತ್ತಾರೆ ಅಲ್ವಾ? ಹಾಗೇನಿಲ್ಲ. ಗಾಯ ಕೂಡಲು ಪ್ರೋಟೀನ್ ಬೇಕು. ಬೇಳೆ, ಮೊಟ್ಟೆ, ಹಾಲು ಧಾರಾಳವಾಗಿ ತಿನ್ನಿ. ತೊಗರಿ ಬೆಳೆಯೋ ಊರಲ್ಲಿ ಕೂತು ಸುಮ್ನೆ ಬೇಳೆ ಬಿಡೋದಾ! ಬಿಡುವುದಾದರೆ ಬೀಡಿ ಬಿಡಿ, ಅದು ಗಾಯ ಮಾಯುವುದನ್ನು ತಡ ಮಾಡುತ್ತದೆ. ಶುಗರ್ ಇದ್ದವರು ಮಾತ್ರೆ ತಪ್ಪಿಸಬೇಡಿ.

ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ ಮುಖದ್ದಾದರೆ 5 ದಿನಕ್ಕೆ, ತಲೆಯದ್ದು 7ರಿಂದ 10, ಕೈಕಾಲಿನದ್ದು 10ರಿಂದ 14. ಮನೆಯಲ್ಲೇ ಬ್ಲೇಡ್ ಹಿಡಿಯಬೇಡಿ.

ಸುತ್ತ ಕೆಂಪು ಹರಡಿದರೆ, ನೋವು ಇಳಿಯುವ ಬದಲು ಏರಿದರೆ, ಕೀವು, ಜ್ವರ ಬಂದರೆ ಅಥವಾ ಹೊಲಿಗೆ ಬಿಟ್ಟರೆ ಅವತ್ತೇ ಆಸ್ಪತ್ರೆಗೆ ಹೋಗಿ. ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟಿದ್ದಾರಾ ಅಂತ ಚೀಟಿಯಲ್ಲಿ ಇವತ್ತೇ ನೋಡಿಕೊಳ್ಳಿ.