ಕ್ಯಾನ್ಸರ್ ಎಂದ ಮೇಲೆ ಆಪ್ತಸಮಾಲೋಚಕರನ್ನು ಹುಡುಕುವುದು: ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ

ಕ್ಯಾನ್ಸರ್ ಎಂದು ಗೊತ್ತಾದಾಗ ನಿದ್ದೆ ಹಾರಿಹೋಗುವುದು ಸಹಜ. ಎರಡು ವಾರವಾದರೂ ಊಟ, ನಿದ್ದೆ ಹಾದಿಗೆ ಬರದಿದ್ದರೆ, ಕೀಮೋಗೆ ಹೋಗಲು ಒಲ್ಲೆ ಅನ್ನಿಸಿದರೆ ಆಪ್ತಸಮಾಲೋಚಕರ ಹುಡುಕಾಟ ಶುರು ಮಾಡಿ. ಸಾಯುವ ಯೋಚನೆ ಬಂದರೆ ಮಾತ್ರ ಕಾಯಲೇಬೇಡಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನೇ ಕೇಳಿ. ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಲ್ಲಿದ್ದರೆ ತಪಾಸಣೆಯ ದಿನವೇ ಸಮಾಲೋಚನೆಯನ್ನೂ ಕೇಳಿ, ಬಸ್ ಖರ್ಚು ಉಳಿಯುತ್ತದೆ. ಊರ ಹತ್ತಿರವೇ ಬೇಕೆಂದರೆ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಆಸ್ಪತ್ರೆಯ ಮನೋವೈದ್ಯ ವಿಭಾಗಗಳಿವೆ.

ಖಾಸಗಿಯಾದರೆ ಬೋರ್ಡ್ ನೋಡಿ ನಂಬಬೇಡಿ. ಮಾತ್ರೆ ಬರೆಯುವವರು ಮನೋವೈದ್ಯರು. ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು; ಸಂಖ್ಯೆ ಕೇಳಲು ಸಂಕೋಚ ಬೇಡ. ಕ್ಯಾನ್ಸರ್ ರೋಗಿಗಳನ್ನು ನೋಡಿದ್ದೀರಾ, ಕೀಮೋ ವಾರದಲ್ಲಿ ಫೋನಿನಲ್ಲಿ ಮಾತಾಡಬಹುದೇ, ಫೀಸು ಎಷ್ಟು ಎಂದು ಮೊದಲೇ ಕೇಳಿಕೊಳ್ಳಿ.

ಮಾತ್ರೆಗಳ ಪೂರ್ತಿ ಪಟ್ಟಿ ಒಯ್ಯಿರಿ. ಸ್ತನ ಕ್ಯಾನ್ಸರ್‌ಗೆ ಟಮಾಕ್ಸಿಫೆನ್ ನುಂಗುವವರಿಗೆ ಇದು ಬಹಳ ಮುಖ್ಯ: ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುಯೊಕ್ಸೆಟಿನ್ ಅದರ ಕೆಲಸಕ್ಕೆ ಅಡ್ಡಬರಬಹುದು. ಹಾಗಂತ ತಾವೇ ನಿಲ್ಲಿಸಬಾರದು, ವೈದ್ಯರು ಬದಲಿಸುತ್ತಾರೆ.

ನಮ್ಮ ಕಡೆ ಕೆಡುವುದು ಹೆಚ್ಚಾಗಿ ಇಲ್ಲಿ: ಮನೆಮಂದಿಯೆಲ್ಲ ಒಳಗೆ ಕೂರುತ್ತಾರೆ, ರೋಗಿ ಬಾಯಿ ಬಿಡುವುದಿಲ್ಲ. ಅರ್ಧ ತಾಸಾದರೂ ಒಬ್ಬರನ್ನೇ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಮೂರ್ನಾಲ್ಕು ಭೇಟಿಯಾದರೂ ಬರೀ ‘ಧೈರ್ಯ ತಗೊಳ್ರಿ’ ಎನ್ನುವವರಾದರೆ ಬೇರೆಯವರನ್ನು ನೋಡಿ.