ಸೊಟ್ಟ ಸ್ಲ್ಯಾಬಿನ ಮೊಮೆಂಟು, ನಾನು ಲೆಕ್ಕ ಹಾಕಿದ್ದು ಹೀಗೆ

ತ್ರಿಕೋನ, ಐದು ಮೂಲೆ, ಎಲ್ ಶೇಪು ಸ್ಲ್ಯಾಬ್ ಬಂದ್ರೆ ಮೊದಲು ನಾನೂ ಸುತ್ತ ಒಂದು ಆಯತ ಎಳೆದು ಅದಕ್ಕೇ ಡಿಸೈನ್ ಮಾಡಿ ಕೈ ತೊಳ್ಕೊಳ್ತಿದ್ದೆ. ಅದೆಷ್ಟು ದಂಡ ಅಂತ ಗೊತ್ತಾಗಿದ್ದು 6, 8, 10 ಮೀಟರ್ ಬದಿಯ ಒಂದು ತ್ರಿಕೋನದಲ್ಲಿ. ಫ್ಯಾಕ್ಟರ್ಡ್ ಲೋಡು (ಸೇಫ್ಟಿಗೆ ಅಂತ ಹೆಚ್ಚಿಸ್ಕೊಂಡ ಭಾರ) ಚದರ ಮೀಟರಿಗೆ 12 ಕಿಲೋನ್ಯೂಟನ್ ಆಸುಪಾಸು, 6×8 ಆಯತ ಅಂದ್ಕೊಂಡ್ರೆ ಮೊಮೆಂಟು, ಅಂದ್ರೆ ಸ್ಲ್ಯಾಬನ್ನ ಬಗ್ಗಿಸೋ ಎಳೆತ, ಮೀಟರ್ ಅಗಲಕ್ಕೆ 23 ಕಿಲೋನ್ಯೂಟನ್-ಮೀಟರ್ ಹತ್ತಿರ. ಯೀಲ್ಡ್ ಲೈನ್ ಲೆಕ್ಕದಲ್ಲಿ (ಸ್ಲ್ಯಾಬ್ ಕುಸಿಯೋವಾಗ ಯಾವ ಗೆರೆಗಳಲ್ಲಿ ಮುರಿದು ಮಡಚತ್ತೆ ಅಂತ ಊಹಿಸಿ ಮಾಡೋದು, ಆ ಗೆರೆಗಳ ಚಿತ್ರನೇ ಪ್ಯಾಟರ್ನ್) ಒಳವೃತ್ತದ ತ್ರಿಜ್ಯ 2 ಮೀಟರ್, ಅದರ ವರ್ಗಕ್ಕೆ ಲೋಡು ಗುಣಿಸಿ 6ರಿಂದ ಭಾಗಿಸಿದ್ರೆ ಬರೀ 8! ಅಂಚೆಲ್ಲಾ ಸಿಂಪ್ಲಿ ಸಪೋರ್ಟೆಡ್ (ಬಿಗಿಯಿಲ್ಲದೆ ಸುಮ್ನೆ ಕೂತಿರೋದು), ಎರಡೂ ದಿಕ್ಕಿಗೆ ಒಂದೇ ಸ್ಟೀಲು. "ಎಲ್ಲೋ ಒಂದು ಸೊನ್ನೆ ನುಂಗಿದ್ದೀಯ ಕಣೋ" ಅಂದ್ರು ನಮ್ಮ ಸೀನಿಯರ್.

ಅವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಇದು ಅಪ್ಪರ್ ಬೌಂಡ್, ಅಂದ್ರೆ ಸ್ಲ್ಯಾಬ್ ತಡೆಯೋ ಲೋಡನ್ನ ನಿಜಕ್ಕಿಂತ ಜಾಸ್ತಿ ತೋರಿಸಬಹುದಾದ ಲೆಕ್ಕ, ತಪ್ಪು ಪ್ಯಾಟರ್ನ್ ಹಿಡಿದ್ರೆ ಮೊಮೆಂಟು ಕಮ್ಮಿನೇ ತೋರ್ಸತ್ತೆ. ಹಿಂದೊಂದು ಸ್ಲ್ಯಾಬಲ್ಲಿ ಒಂದೇ ಪ್ಯಾಟರ್ನ್ ನೋಡಿ, ಚೂಪು ಮೂಲೆಗೆ ಮೇಲಿನ ಸ್ಟೀಲೂ ಹಾಕದೆ ಬಿಟ್ಟಿದ್ದೆ, ಷಟರಿಂಗ್ ತೆಗೆದ ಕೆಲವೇ ವಾರಕ್ಕೆ ಮೂಲೆಗೆ ಅಡ್ಡಡ್ಡ ಕೂದಲೆಳೆ ಬಿರುಕು. ಎಪಾಕ್ಸಿ ಖರ್ಚು ನನ್ನ ತಲೆಗೇ ಬಂತು, ಆ ಕೆಲಸದ ಫೀಸಲ್ಲಿ ಹೆಚ್ಚುಕಮ್ಮಿ ಅರ್ಧ ಅಲ್ಲೇ ಹೋಯ್ತು.

ಈಗ ಎಕ್ಸೆಲ್ಲಲ್ಲಿ ಗೆರೆಗಳು ಸೇರೋ ಬಿಂದುನ ಎಕ್ಸ್, ವೈ ಮಾಡಿಟ್ಟು ವರ್ಕ್ ಇಕ್ವೇಶನ್ (ಲೋಡು ಮಾಡೋ ಕೆಲಸ, ಗೆರೆಗಳು ತಡೆಯೋ ಕೆಲಸ ಎರಡೂ ಸಮ) ಬರೆದು ಎಕ್ಸೆಲ್ಲಿನ ಸಾಲ್ವರಿಗೆ ಬಿಡ್ತೀನಿ, ಅತಿ ಜಾಸ್ತಿ ಮೊಮೆಂಟು ಕೊಡೋ ಜಾಗ ಅದೇ ಹುಡುಕತ್ತೆ. ಕಮ್ಮಿ ಅಂದ್ರೂ ನಾಕೈದು ಪ್ಯಾಟರ್ನ್ ನೋಡ್ತೀನಿ, ಬಂದ ಮೊಮೆಂಟಿನ ಮೇಲೆ 10 ಪರ್ಸೆಂಟ್ ಸೇರಿಸ್ತೀನಿ. ಮೊದಲ ಬಿಂದು ಎಲ್ಲಿಡ್ತೀನಿ ಅನ್ನೋದನ್ನ ಮಾತ್ರ ಕೇಳ್ಬೇಡಿ, ಅಷ್ಟಾದ್ರೂ ನನ್ನ ಹತ್ರ ಇರ್ಲಿ.

ನಡುವೆ ರಟ್ಟು ಕತ್ತರಿಸಿ ಮಡಚೋ ಹುಚ್ಚೂ ಹಿಡಿದಿತ್ತು. ಮಡಿಕೆ ಸರಿ ಇಲ್ದಿದ್ರೆ ರಟ್ಟು ಬಗ್ಗಲ್ಲ, ಸುಕ್ಕಾಗತ್ತೆ, ಅಂದ್ರೆ ಆ ಪ್ಯಾಟರ್ನ್ ನಡೆಯಲ್ಲ. ಮನೇಲಿ ನಕ್ಕರು, ಆದ್ರೆ ಎರಡು ತಪ್ಪು ಅಲ್ಲೇ ಸಿಕ್ತು.

ಎಲ್ ಶೇಪಿನ ಒಂದು ಕೆಲಸದಲ್ಲಿ ಚೆಕ್ಕಿಂಗ್ ಮಾಡೋರು ಸಾಫ್ಟ್‌ವೇರ್ ರಿಪೋರ್ಟ್ ಮುಂದಿಟ್ಟು ಒಳಮೂಲೆಲಿ ಮೊಮೆಂಟು 70 ಇದೆ, ನಿಂದು 22 ಅಂದ್ರು. ಮೆಶ್ (ಸಾಫ್ಟ್‌ವೇರ್ ಸ್ಲ್ಯಾಬನ್ನ ಹೋಳು ಮಾಡೋ ಚೌಕಳಿ) ದೊಡ್ಡದು ಮಾಡಿ ಅರ್ಧ ಮೀಟರ್ ಇಡ್ಸಿದೆ, ನಲವತ್ತಕ್ಕೆ ಇಳೀತು. ಇನ್ನೂ ಸಣ್ಣ ಮಾಡಿ ಅಂದೆ, 70ನೂ ದಾಟ್ತು. ಆ ಮೂಲೆ ನಂಬರು ಮೆಶ್ ಸಣ್ಣ ಮಾಡಿದಷ್ಟೂ ಏರ್ತಾನೇ ಹೋಗತ್ತೆ. ಯೀಲ್ಡ್ ಲೈನ್ ಉದ್ದಕ್ಕೂ ಸರಾಸರಿ ತೆಗೆದು ನೋಡಿದ್ರೆ 21 ಚಿಲ್ರೆ, ಸುಮ್ನೆ ಸೈನ್ ಹಾಕಿದ್ರು. ಒಳಮೂಲೆಗೆ ಓರೆಯಾಗಿ ಮೂರು ಎಕ್ಸ್ಟ್ರಾ ರಾಡು ಹಾಕ್ಸಿದೆ, ಅದು ಬಿರುಕಿಗೆ. ಸ್ಟೀಲು ಮೂರನೇ ಒಂದು ಭಾಗ ಉಳೀತು, ಅದರ ದುಡ್ಡು ನನ್ನ ಫೀಸಿಗಿಂತ ಜಾಸ್ತಿ, ನಂಗೆ ಬಿಡಿಗಾಸೂ ಬರ್ಲಿಲ್ಲ ಬಿಡಿ. ಡಿಫ್ಲೆಕ್ಷನ್, ಅಂದ್ರೆ ಸ್ಲ್ಯಾಬ್ ಎಷ್ಟು ಜೋಲತ್ತೆ ಅನ್ನೋದು, ಈ ಲೆಕ್ಕದಲ್ಲಿ ಸಿಗಲ್ಲ, ಅದಕ್ಕೆ ಈಗ್ಲೂ ಸಾಫ್ಟ್‌ವೇರೇ ಗತಿ.